ಬರಹದ ಬೆಲೆ, ಜಾಲದ ಬಲೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯೆಂದರೆ ಗಡಿನಾಡಿನ ಕನ್ನಡದ ಹಿರಿಮೆಯನ್ನು ಹಾಡುವ ತಾಣವೆಂಬುದು ರೂಢಿ. ಆ ಹಿರಿಮೆಯಲ್ಲಿ ನಮಗೆ ಸಂದೇಹವಿಲ್ಲ. ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊಲ್ಲಾಪುರ ನಮ್ಮ ಪಕ್ಕದಲ್ಲಿದೆ. ತ್ರಿಪದಿಯಲ್ಲಿ ಸಿದ್ಧರಾಮ ಪುರಾಣವನ್ನು ಬರೆದು, 1974ರಲ್ಲಿ ಮಂಡ್ಯದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರು ಈ ನೆಲದವರೇ. ಆದರೆ ಈ ಸಲ ಹಿರಿಮೆಯ ಮಾತನ್ನು ಬದಿಗಿಟ್ಟು, ಹೊಟ್ಟೆಯ ಮಾತನ್ನು ಆಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಇದು ಕೆಲವರಿಗೆ ಅಪ್ರಿಯವಾಗಬಹುದು. ಸಂಘದ ಹಿರಿಯರು ಮನ್ನಿಸಬೇಕು, ಮನ್ನಿಸದಿದ್ದರೂ ಓದಬೇಕು.

ನಮ್ಮಲ್ಲೊಬ್ಬರ ತಂಗಿಯ ಮಗ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಮುಂದೆ ಮರಾಠಿಯಲ್ಲಿ ಪದವಿ ಪಡೆದವನು. ಅವನ ಕನ್ನಡ ಸೊಗಸು, ಮರಾಠಿ ಅದಕ್ಕಿಂತ ಚುರುಕು. ಶಾಲೆಯ ಗೋಡೆಪತ್ರಿಕೆಯಲ್ಲಿ ಬರೆಯುತ್ತಿದ್ದ ಹುಡುಗ ಒಂದು ದಿನ ಸೊಲ್ಲಾಪುರದ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆದ 'ಅಂತರ್ಜಾಲದಿಂದ ಗಳಿಸುವ ಶಿಬಿರ'ಕ್ಕೆ ಹೋಗಿ ಬಂದ. ಬರುವಾಗ ಕೊರಳಲ್ಲೊಂದು ಪಟ್ಟಿ, ಕೈಯಲ್ಲೊಂದು ಕಡತ, ತಲೆಯ ಮೇಲೆ ಹದಿನೆಂಟು ಸಾವಿರ ರೂಪಾಯಿಯ ಸಾಲ. ಆ ಹಣ ತಾಯಿಯ ಬೋರಮಾಳ ಅಡವಿಟ್ಟು ತಂದದ್ದು. ಸೋದರಮಾವ ಕೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: "ಬರದು ಯಾರ ಹೊಟ್ಟಿ ತುಂಬ್ಯಾದ ಮಾಮಾ? ಹೇಳ್ರಿ ನೋಡೋಣು."

ಈ ಪ್ರಶ್ನೆಗೆ ನಾವು ಅಂದು ಉತ್ತರ ಕೊಡಲಾಗಲಿಲ್ಲ. ಈ ಲೇಖನವೇ ಆ ಉತ್ತರ. ಅದರಲ್ಲಿ ಅವನ ತಪ್ಪು ಎಷ್ಟು, ನಮ್ಮ ತಪ್ಪು ಎಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಮೊದಲು ಅವನ ಕಡೆಯ ವಾದವನ್ನು ಪೂರ್ಣವಾಗಿ ಒಪ್ಪೋಣ. ಬರಹದಿಂದ ಬದುಕುವುದು ಕನ್ನಡದಲ್ಲಿ ಎಂದೂ ಸುಲಭವಾಗಿರಲಿಲ್ಲ. ವರಕವಿ ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅವರು ಧಾರವಾಡವನ್ನು ಬಿಟ್ಟು ಇಲ್ಲಿಗೆ ಬಂದದ್ದು ಕವಿತೆಯ ಸಂಭಾವನೆ ಹೊರಲಾರದಷ್ಟಾಯಿತೆಂದಲ್ಲ. ಸಂಬಳದ ಒಂದು ನೌಕರಿ ಇಲ್ಲಿ ಸಿಕ್ಕಿತೆಂದು. 'ನರಬಲಿ' ಕವಿತೆಗಾಗಿ ಸೆರೆಮನೆಯನ್ನೂ ಕಂಡು, ನೌಕರಿಯನ್ನೂ ಕಳೆದುಕೊಂಡು, ವರ್ಷಗಟ್ಟಲೆ ಸಂಸಾರ ತೂಗಿಸಲು ಹೆಣಗಿದ ಕವಿ ಅವರು. ಲೇಖನಿಯನ್ನೇ ನಂಬಿ ಬದುಕಿದ ಅ. ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆಯಬೇಕಾಯಿತು. ಆದ್ದರಿಂದ 'ಬರೆದು ಬದುಕು' ಎಂದು ಹುಡುಗರಿಗೆ ಬೋಧಿಸುವವರು ಈ ಇತಿಹಾಸವನ್ನು ಬಚ್ಚಿಡಬಾರದು.

ಎರಡನೆಯ ಮಾತು, ಮಾರುವುದು ಕೀಳೆಂಬ ಭಾವನೆಯನ್ನೂ ನಾವು ಒಪ್ಪುವುದಿಲ್ಲ. ಗಳಗನಾಥರನ್ನು ನೆನೆಯಿರಿ. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಆ ಶಾಲಾಮಾಸ್ತರರು ಕಾದಂಬರಿಗಳನ್ನು ಬರೆದು, ತಾವೇ ಪ್ರಕಟಿಸಿ, ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಮರಾಠಿಯನ್ನೇ ಓದುತ್ತಿದ್ದ ಉತ್ತರ ಕರ್ನಾಟಕದ ಮನೆಗಳಲ್ಲಿ ಕನ್ನಡದ ಓದುಗರನ್ನು ಹುಟ್ಟಿಸಿದರು. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಬರೆದದ್ದಷ್ಟೇ ಅಲ್ಲ, ಮುದ್ರಣದ ಗೋಳನ್ನೂ ಮೈಮೇಲೆ ಎಳೆದುಕೊಂಡರು. ಜಿ. ಪಿ. ರಾಜರತ್ನಂ ಅವರು ಪುಸ್ತಕಗಳನ್ನು ಹೊತ್ತು ಮಾರುವುದನ್ನು ಕನ್ನಡದ ಪರಿಚಾರಿಕೆಯೆಂದೇ ತಿಳಿದರು. ಇವರೆಲ್ಲರೂ ಮಾರಿದವರೇ. ಇಂದು ಇದ್ದಿದ್ದರೆ ಗಳಗನಾಥರ ಕೈಯಲ್ಲಿ ಮೊಬೈಲು ಇರುತ್ತಿತ್ತು, ವಾಟ್ಸಾಪಿನಲ್ಲಿ ಹೊಸ ಕಾದಂಬರಿಯ ಸುದ್ದಿ ಬರುತ್ತಿತ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಹಾಗಾದರೆ ನಮ್ಮ ತಕರಾರು ಯಾವುದರ ಮೇಲೆ? ಗಳಗನಾಥರ ಗಂಟಿನಲ್ಲಿ ಗಳಗನಾಥರದೇ ಸರಕು ಇತ್ತು. ಶಿಬಿರದಿಂದ ಬಂದ ಹುಡುಗನ ಕಡತದಲ್ಲಿ ಅವನದೆಂಬುದು ಏನೂ ಇರಲಿಲ್ಲ. ಭೇದವಿರುವುದು ಇಲ್ಲಿ. ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಒಯ್ಯುವ ರೈತನಿಗೆ ಅಡತಿಯ ಮೇಲೆ ಎಷ್ಟೇ ಸಿಟ್ಟಿರಲಿ, ಅಡತಿಯವನ ಕಟ್ಟೆಯ ಮೇಲೆ ಉಳ್ಳಾಗಡ್ಡಿಯ ಚೀಲವಾದರೂ ಇರುತ್ತದೆ. ಉಳ್ಳಾಗಡ್ಡಿಯೇ ಇಲ್ಲದೆ ಅಡತಿ ನಡೆಸುವ ವಿದ್ಯೆಯನ್ನು ಹದಿನೆಂಟು ಸಾವಿರಕ್ಕೆ ಮಾರಿದರೆ, ಅಲ್ಲಿ ಸರಕು ಯಾವುದು? ಕೊಳ್ಳಲು ಬಂದ ಹುಡುಗನೇ ಸರಕು.

ಅಂತರ್ಜಾಲದ ಮಾರಾಟವೆಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಸುಬುಗಳಿವೆ. ಅವನ್ನು ಬಿಡಿಸಿ ನೋಡದೆ ಬೈಯುವುದು ಅನ್ಯಾಯ. ಒಂದನೆಯದು, ತನ್ನದೋ ತನ್ನ ಊರಿನವರದೋ ಸರಕನ್ನು ದೂರದವರಿಗೆ ತಲುಪಿಸುವುದು. ಸೊಲ್ಲಾಪುರದ ಚಾದರ, ನಮ್ಮ ಹೆಣ್ಣುಮಕ್ಕಳು ಕುಟ್ಟುವ ಶೇಂಗಾ ಹಿಂಡಿ, ಬಡಿಯುವ ಖಡಕ್ ರೊಟ್ಟಿ, ಇವುಗಳನ್ನು ಪುಣೆ, ಬೆಂಗಳೂರಿನವರೆಗೆ ಮುಟ್ಟಿಸಿದರೆ ಅದು ಶುದ್ಧ ಕಾಯಕ. ಅದಕ್ಕೆ ನಮ್ಮ ನಮಸ್ಕಾರ. ಎರಡನೆಯದು, ದೊಡ್ಡ ಅಂಗಡಿಗಳ ಸರಕಿಗೆ ಕೊಂಡಿ ಹಚ್ಚಿ ದಲಾಲಿ ಪಡೆಯುವುದು. ಇದು ಮೋಸವಲ್ಲ, ಆದರೆ ಇದರ ಲೆಕ್ಕವನ್ನು ಶಿಬಿರದಲ್ಲಿ ಯಾರೂ ಹಲಗೆಯ ಮೇಲೆ ಬರೆದು ತೋರಿಸುವುದಿಲ್ಲ. ನಾವು ಬರೆಯುತ್ತೇವೆ.

ಐನೂರು ರೂಪಾಯಿಯ ಒಂದು ವಸ್ತುವಿಗೆ ಶೇಕಡಾ 5 ದಲಾಲಿ ಎಂದು ಹಿಡಿಯೋಣ. ಒಂದು ಮಾರಾಟಕ್ಕೆ 25 ರೂಪಾಯಿ. ತಿಂಗಳಿಗೆ 10,000 ರೂಪಾಯಿ ಬೇಕಾದರೆ 400 ಜನ ಕೊಳ್ಳಬೇಕು. ಕೊಂಡಿಯನ್ನು ಒತ್ತಿ ನೋಡಿದ ನೂರು ಜನರಲ್ಲಿ ಇಬ್ಬರು ಕೊಂಡರು ಎಂದರೂ, ಪ್ರತಿ ತಿಂಗಳು 20,000 ಸಲ ಯಾರಾದರೂ ಆ ಕೊಂಡಿಯನ್ನು ಒತ್ತಬೇಕು. ನಮ್ಮ ಹುಡುಗನ ವಾಟ್ಸಾಪಿನಲ್ಲಿದ್ದವರು ಕಾಕಾ, ಮಾಮಾ, ಅತ್ತಿಗೆ, ಹಳೆಯ ಮಾಸ್ತರರು ಸೇರಿ ಮುನ್ನೂರು ಜನ. ಇದೇ ಹುಡುಗ ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡಿದನೆಂದುಕೊಳ್ಳಿ. ಪದಕ್ಕೆ ಒಂದು ರೂಪಾಯಿಯಂತೆ ದಿನಕ್ಕೆ 500 ಪದ, ತಿಂಗಳಲ್ಲಿ 20 ದಿನ ಕೆಲಸ ಸಿಕ್ಕರೆ ಅದೇ 10,000 ರೂಪಾಯಿ. ಒಂದರಲ್ಲಿ ಇಪ್ಪತ್ತು ಸಾವಿರ ಬೆರಳುಗಳ ಕೃಪೆ ಬೇಕು. ಇನ್ನೊಂದರಲ್ಲಿ ಇಬ್ಬರೋ ಮೂವರೋ ಕೆಲಸ ಕೊಡುವವರ ನಂಬಿಕೆ ಸಾಕು. ಆ ಇಬ್ಬರು ಮೂವರನ್ನು ಹುಡುಕುವುದೂ ಕಷ್ಟವೇ, ಒಪ್ಪುತ್ತೇವೆ. ಆದರೆ ಕಷ್ಟಕ್ಕೂ ಅಸಾಧ್ಯಕ್ಕೂ ನಡುವೆ ಅಂತರವಿದೆ.

ಮೂರನೆಯ ಬಗೆಯೇ ಬಲೆ. ಸೇರಿಕೊಳ್ಳಲು ಹಣ ಕೊಡು. ಐದು ಜನರನ್ನು ಸೇರಿಸು. ಅವರು ಕೊಟ್ಟದ್ದರಲ್ಲಿ ನಿನಗೆ ಪಾಲು. ಐದು ಜನ ತಲಾ ಐದು ಜನರನ್ನು ತಂದರೆ ಇಪ್ಪತ್ತೈದು, ಆಮೇಲೆ ನೂರಿಪ್ಪತ್ತೈದು. ಏಳನೆಯ ಸುತ್ತಿಗೆ 78,125. ವಳಸಂಗ ಸಾಲದು, ಸುತ್ತಲಿನ ಹತ್ತಾರು ಹಳ್ಳಿಗಳೂ ಸಾಲವು. ಕೊನೆಯ ಸುತ್ತಿನವರು ಯಾವಾಗಲೂ ಕಳೆದುಕೊಳ್ಳುತ್ತಾರೆ. ಆ ಕೊನೆಯ ಸುತ್ತಿನಲ್ಲಿ ಯಾವಾಗಲೂ ಹಳ್ಳಿಯವರೇ ಇರುತ್ತಾರೆ. ಇಂಥ ಹಣ ಸುತ್ತುವ ಯೋಜನೆಗಳನ್ನು ನಿಷೇಧಿಸುವ ಕಾನೂನು ಈ ದೇಶದಲ್ಲಿ 1978ರಿಂದಲೇ ಇದೆ. ನೇರ ಮಾರಾಟದ ಹೆಸರಿನಲ್ಲಿ ಇಂಥ ಪಿರಮಿಡ್ಡುಗಳನ್ನು ಕಟ್ಟುವುದನ್ನು 2021ರ ಗ್ರಾಹಕ ರಕ್ಷಣಾ ನಿಯಮಗಳು ಮತ್ತೆ ಸ್ಪಷ್ಟವಾಗಿ ನಿಷೇಧಿಸಿವೆ. ಆದರೂ ಹೆಸರು ಬದಲಿಸಿಕೊಂಡು ಅವು ನಮ್ಮ ಹುಡುಗರ ಮೊಬೈಲಿಗೆ ಬರುತ್ತಲೇ ಇವೆ. ಹಿಂದೆ ಚೀಟಿ ಎನ್ನುತ್ತಿದ್ದರು, ಈಗ ಕೋರ್ಸು ಎನ್ನುತ್ತಾರೆ.

ನಮ್ಮ ಹುಡುಗ ಸಿಕ್ಕಿಬಿದ್ದದ್ದು ಇದರಲ್ಲಿಯೇ. ಎಂಟು ತಿಂಗಳಲ್ಲಿ ಅವನು ಸೇರಿಸಿದ್ದು ಇಬ್ಬರನ್ನು: ಒಬ್ಬ ಸೋದರತ್ತೆಯ ಮಗ, ಇನ್ನೊಬ್ಬ ಬಾಲ್ಯದ ಗೆಳೆಯ. ಈಗ ಇಬ್ಬರೂ ಅವನೊಡನೆ ಮಾತಾಡುವುದಿಲ್ಲ. ಗಡ್ಡೆಯ ಜಾತ್ರೆಗೆ ಮೂವರೂ ಒಟ್ಟಿಗೆ ಹೋಗಿ ನಂದಿಧ್ವಜದ ಮೆರವಣಿಗೆ ನೋಡುತ್ತಿದ್ದವರು, ಈ ವರ್ಷ ಮೂರು ದಿಕ್ಕಾದರು. ಹಣ ಹೋದದ್ದನ್ನು ದುಡಿದು ತುಂಬಬಹುದು, ಬೋರಮಾಳವನ್ನು ಬಿಡಿಸಿಕೊಳ್ಳಬಹುದು. ಬಂಧುತ್ವವನ್ನೇ ಬಂಡವಾಳವಾಗಿ ಹೂಡಿ ಕಳೆದುಕೊಂಡದ್ದನ್ನು ಯಾವ ಸಂತೆಯಿಂದ ತರೋಣ?

ಇಲ್ಲಿ ಶರಣರನ್ನು ನೆನೆಯದೆ ಮುಂದೆ ಹೋಗಲಾರೆವು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳೆಂಬ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಕಥೆ ಬಡತನದ ಹೊಗಳಿಕೆಯಲ್ಲ. ದುಡಿಮೆಯಿಂದ ಬಂದದ್ದು ಎಷ್ಟು, ದುಡಿಮೆಯಿಲ್ಲದೆ ಬಂದದ್ದು ಎಷ್ಟು ಎಂದು ಮನೆಯ ಬಾಗಿಲಲ್ಲೇ ನಿಂತು ಅಳೆದ ಹೆಣ್ಣುಮಗಳ ಕಥೆ. ಮಲಗಿದಾಗಲೂ ಹಣ ಬರುತ್ತದೆಂದು ಶಿಬಿರದವರು ಹೇಳುವಾಗ, ಎಚ್ಚರವಾಗಿರುವ ಇನ್ನಾರದೋ ಕಿಸೆಯಿಂದ ಅದು ಬರುತ್ತಿದೆಯೆಂದು ತಿಳಿಯಲು ಲಕ್ಕಮ್ಮನ ಕಣ್ಣು ಸಾಕು.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಲೇಖನಕ್ಕೆ ಚಪ್ಪಾಳೆ ಬೀಳುತ್ತದೆ. ಹುಡುಗನ ಪ್ರಶ್ನೆಗೆ ಉತ್ತರ ಬೀಳುವುದಿಲ್ಲ. ಬರೆದು ಯಾರ ಹೊಟ್ಟೆ ತುಂಬಿದೆ? ತುಂಬದಂತೆ ನೋಡಿಕೊಂಡವರಲ್ಲಿ ನಾವೂ ಇದ್ದೇವೆ.

ನಮ್ಮ ಸಂಘಗಳ ಲೆಕ್ಕಪತ್ರವನ್ನೇ ತೆಗೆದು ನೋಡೋಣ. ಮಂಟಪದವನಿಗೆ ಹಣ, ಧ್ವನಿವರ್ಧಕದವನಿಗೆ ಹಣ, ಅಡುಗೆಯವರಿಗೆ ಹಣ, ಸಂಚಿಕೆ ಅಚ್ಚು ಮಾಡುವವರಿಗೆ ಮುಂಗಡ ಹಣ. ಸಂಚಿಕೆಯೊಳಗೆ ಬರೆದವನಿಗೆ? ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ಮತ್ತು 'ಗಡಿನಾಡಿನ ಅನರ್ಘ್ಯ ರತ್ನ' ಎಂಬ ನಾಲ್ಕು ಮಾತು. ಶಾಲನ್ನು ಒಲೆಗೆ ಹಾಕಿ ರೊಟ್ಟಿ ಬೇಯಿಸಲಾಗದು. ಮದುವೆಯ ಕರೆಯೋಲೆ, ಮಠದ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ, ಚುನಾವಣೆಯ ಭಾಷಣ, ಯಾವುದೇ ಬರಹವಿರಲಿ, ಕನ್ನಡ ಬಲ್ಲ ಹುಡುಗನನ್ನು ಕರೆದು 'ಸ್ವಲ್ಪ ತಿದ್ದಿಕೊಡಪಾ' ಎನ್ನುತ್ತೇವೆ. ಆ 'ಸ್ವಲ್ಪ'ದಲ್ಲಿ ಅವನ ಎರಡು ದಿನ ಹೋಗುತ್ತವೆ. ಚಹಾ ಕುಡಿಸಿ ಕಳಿಸುತ್ತೇವೆ. ಬರಹಕ್ಕೆ ಬೆಲೆಯಿಲ್ಲವೆಂದು ಅವನಿಗೆ ಕಲಿಸಿದವರು ಶಿಬಿರದವರಲ್ಲ, ನಾವು. ನಾವು ಖಾಲಿ ಬಿಟ್ಟ ಜಾಗದಲ್ಲಿ ಅವರು ಬಂದು ಕುಳಿತರು.

ಮಾರುಕಟ್ಟೆಯೂ ಕನ್ನಡಕ್ಕೆ ಮಲತಾಯಿಯಂತೆ ನಡೆದುಕೊಂಡದ್ದುಂಟು. 2016ರ ಕೊನೆಯಲ್ಲಿ ಅಮೆಜಾನ್ ಕಿಂಡಲ್ ಭಾರತೀಯ ಭಾಷೆಗಳ ಇ-ಪುಸ್ತಕಗಳಿಗೆ ಬಾಗಿಲು ತೆರೆದಾಗ ಒಳಗೆ ಹೋದ ಐದು ಭಾಷೆಗಳು ಹಿಂದಿ, ಮರಾಠಿ, ತಮಿಳು, ಗುಜರಾತಿ, ಮಲಯಾಳಂ. ಕನ್ನಡ ಹೊರಗೆ ನಿಂತಿತು. ಒಂದೇ ಬೆಂಚಿನಲ್ಲಿ ಕೂತು ಕಲಿತ ವಳಸಂಗದ ಇಬ್ಬರು ಹುಡುಗರಲ್ಲಿ ಮರಾಠಿಯಲ್ಲಿ ಬರೆದವನು ತನ್ನ ಪುಸ್ತಕವನ್ನು ಅಲ್ಲಿ ಮಾರಬಹುದಿತ್ತು, ಕನ್ನಡದಲ್ಲಿ ಬರೆದವನು ಮಾರಲಾಗುತ್ತಿರಲಿಲ್ಲ. 1967ರ ಮಹಾಜನ ವರದಿಯ ಬಗ್ಗೆ ಅರ್ಧ ಶತಮಾನದಿಂದ ಮಾತಾಡುತ್ತ ಬಂದಿರುವ ನಾವು, ನೆಲದ ಗಡಿಯಷ್ಟೇ ಗಟ್ಟಿಯಾದ ಈ ಹೊಸ ಗಡಿಯ ಬಗ್ಗೆ ಒಂದು ಠರಾವನ್ನೂ ಮಾಡಲಿಲ್ಲ. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್‌ನಂಥ ವೇದಿಕೆಗಳು ಬಂದು ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳನ್ನು ಮಾರತೊಡಗಿದವು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಲ್ಲಿಂದ ಒಂದಾದರೂ ಪುಸ್ತಕ ಕೊಂಡಿದ್ದೇವೆ? ಕೈ ಎತ್ತಿ ಎಂದರೆ ನಾವೂ ಎಲ್ಲರೂ ಎತ್ತಲಾರೆವು.

ಇನ್ನು ಕೆಲಸವೇ ಎಲ್ಲಿದೆ ಎನ್ನುವವರಿಗೆ ಒಂದು ಮಾತು. ನಮ್ಮ ಮಕ್ಕಳ ಪಾಟೀಚೀಲದಲ್ಲಿರುವ ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳನ್ನು ತೆರೆಯಿರಿ. ಗಣಿತ, ವಿಜ್ಞಾನ, ಇತಿಹಾಸ ಯಾವುದೇ ಇರಲಿ, ಅದನ್ನು ಇನ್ನೊಂದು ಭಾಷೆಯಿಂದ ಕನ್ನಡಕ್ಕೆ ತಂದ ಕೈಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ. ಎಸ್. ಎಲ್. ಭೈರಪ್ಪನವರ ಕಾದಂಬರಿಗಳನ್ನು ಮರಾಠಿಗರ ಮನೆಮಾತಾಗಿಸಿದವರು ಉಮಾ ಕುಲಕರ್ಣಿಯವರು. ಮರಾಠಿಯ ಹತ್ತಾರು ಕೃತಿಗಳನ್ನು ಕನ್ನಡಕ್ಕೆ ಕೊಟ್ಟವರು ಚಂದ್ರಕಾಂತ ಪೋಕಳೆಯವರು. ಜಯದೇವಿತಾಯಿಯವರೂ ಎರಡು ಭಾಷೆಗಳಲ್ಲಿ ಬರೆದು ವಚನಗಳನ್ನು ಮರಾಠಿಗೆ ಕೊಂಡೊಯ್ದರು. ಬೆಂಗಳೂರಿನ ಹುಡುಗನಿಗೆ ಇಲ್ಲದ ಒಂದು ಆಸ್ತಿ ನಮ್ಮ ಹುಡುಗರಿಗೆ ತಾಯಿಯ ಹಾಲಿನೊಡನೆ ಬಂದಿದೆ: ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಇದನ್ನು ಎಡಬಿಡಂಗಿತನವೆಂದು ನಾವೇ ನಾಚಿಕೊಳ್ಳುತ್ತ ಬಂದೆವು. ಅದು ಬಂಡವಾಳ, ಯಾವ ಶಿಬಿರದವನೂ ಮಾರಲಾರದ ಬಂಡವಾಳ.

ಯಂತ್ರವೇ ಅನುವಾದ ಮಾಡುವಾಗ ಮನುಷ್ಯನೇಕೆ ಎಂದು ಕೇಳುವವರಿದ್ದಾರೆ. ಯಂತ್ರ ಬಂದಿದೆ, ದಿನೇದಿನೇ ಸುಧಾರಿಸುತ್ತಲೂ ಇದೆ. ಕೆಲವು ಕೆಲಸ ಅದರ ಪಾಲಾಗುವುದು ನಿಶ್ಚಿತ. ಆದರೆ ಔಷಧದ ಚೀಟಿಯಲ್ಲಿ, ಜಮೀನಿನ ಕರಾರಿನಲ್ಲಿ, ಮಕ್ಕಳ ಪಾಠದಲ್ಲಿ ತಪ್ಪು ನುಸುಳಿದರೆ ಯಂತ್ರದ ಕೈ ಹಿಡಿದು ಕೇಳಲಾಗದು. ತಿದ್ದುವವನು, ಹೊಣೆ ಹೊರುವವನು ಬೇಕೇ ಬೇಕು. ಅದಕ್ಕೆ ಎರಡೂ ಭಾಷೆ ಬಲ್ಲವನೇ ಆಗಬೇಕು.

ಬರೆಯುವ ತರುಣರಿಗೆ ಕಾನೂನಿನ ತಿಳಿವಳಿಕೆಯೂ ಇರಲಿ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ, ನೌಕರಿಯ ಭಾಗವಾಗಿ ಬರೆದುದಲ್ಲದಿದ್ದರೆ, ಬರೆದವನೇ ಸಾಮಾನ್ಯವಾಗಿ ಕೃತಿಯ ಮೊದಲ ಒಡೆಯ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡುವುದಾದರೆ ಅದು ಬರವಣಿಗೆಯಲ್ಲಿ, ಸಹಿಯೊಡನೆ ಆಗಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಹಣ ಎಂಬುದು ಅದರಲ್ಲಿರಬೇಕು. ಕಾಲವನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಕಾಯಿದೆ ತಿಳಿಯುತ್ತದೆ. ಬರೆದವನ ಮರಣಾನಂತರವೂ 60 ವರ್ಷ ಆ ಹಕ್ಕು ಮನೆಯವರಿಗೆ ಉಳಿಯುತ್ತದೆ. ಹೊಲಕ್ಕೆ ಉತಾರೆ ಇರುವಂತೆ ಬರಹಕ್ಕೂ ಒಡೆತನವಿದೆ. ಹೊಲವನ್ನು ಬಾಯಿಮಾತಿನಲ್ಲಿ ಬರೆದುಕೊಡದ ನಾವು ಬರಹವನ್ನೇಕೆ ಕೊಡಬೇಕು?

ಮಾರಾಟದ ದಾರಿಯನ್ನೇ ಹಿಡಿಯುವವರಿಗೂ ಎಚ್ಚರದ ಮಾತು ಸಲ್ಲಬೇಕು. ಹಣ ಪಡೆದು ಹೊಗಳಿದ ವಸ್ತುವನ್ನು ಜಾಹೀರಾತು ಎಂದು ತಿಳಿಸಬೇಕೆಂಬ ನಿಯಮವಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯಿದೆಯಡಿ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಯೂಟ್ಯೂಬಿನ ಜಾಹೀರಾತಿನಲ್ಲಿ ಪಾಲು ಸಿಗಲು ಸಾವಿರ ಚಂದಾದಾರರೂ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕೆಂಬ ನಿಯಮ 2018ರಲ್ಲಿ ಬಂತು. ನಮ್ಮ ಸೀಮೆಯ ಹಂತಿಪದ, ಡೊಳ್ಳಿನ ಹಾಡು, ಭಜನೆಗಳನ್ನು ಹಾಡುವವರ ಹೆಸರು ಹೇಳಿ, ಅವರಿಗೂ ಪಾಲು ಕೊಟ್ಟು ಹಾಕಿದರೆ ಆ ಹೊಸ್ತಿಲನ್ನು ದಾಟುವುದು ಅಸಾಧ್ಯವಲ್ಲ. ಆದರೆ ಆಗಲೂ ಮೊದಲು ಬೇಕಾದದ್ದು ಹಾಡು, ಆಮೇಲೆ ಮಾರಾಟ.

ಆದ್ದರಿಂದ ಈ ಸಮ್ಮೇಳನದ ಮುಂದೆ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಮುಂದಿನ ವರ್ಷದಿಂದ ಸ್ಮರಣ ಸಂಚಿಕೆಯ ಪ್ರತಿ ಲೇಖನಕ್ಕೂ ಸಂಭಾವನೆ ಕೊಡಬೇಕು. ಐನೂರು ರೂಪಾಯಿಯೇ ಇರಲಿ. ಶಾಲುಗಳ ಸಂಖ್ಯೆ ಇಳಿಸಿದರೆ ಆ ಹಣ ಹುಟ್ಟುತ್ತದೆ. ಎರಡು, ಮರಾಠಿ–ಕನ್ನಡ ಎರಡನ್ನೂ ಬಲ್ಲ ತರುಣ ತರುಣಿಯರ ಪಟ್ಟಿಯನ್ನು ಸಂಘ ಸಿದ್ಧಪಡಿಸಿ, ಪ್ರಕಾಶಕರಿಗೂ ಪ್ರಾಧಿಕಾರಗಳಿಗೂ ಕಳಿಸಬೇಕು. ಮೂರು, ಹುಡುಗರಿಗೆ ಕರಾರು ಓದುವುದು, ಬೆಲೆ ಹೇಳುವುದು, ಪುಸ್ತಕವನ್ನು ಅಂತರ್ಜಾಲದಲ್ಲಿ ಮಾರುವುದು ಇವನ್ನು ಕಲಿಸುವ ಉಚಿತ ಶಿಬಿರವನ್ನು ನಾವೇ ನಡೆಸಬೇಕು. ಹೋಟೆಲು ಬೇಡ, ಶಾಲೆಯ ಪಡಸಾಲೆ ಸಾಕು. ನಾಲ್ಕು, ಪ್ರತಿ ಸದಸ್ಯರ ಮನೆಯಲ್ಲಿ ವರ್ಷಕ್ಕೆ ಎರಡಾದರೂ ಕನ್ನಡ ಪುಸ್ತಕಗಳನ್ನು ಹಣ ಕೊಟ್ಟು ಕೊಳ್ಳಬೇಕು. ಗೌರವ ಪ್ರತಿಯನ್ನು ಬೇಡಬಾರದು.

ನಮ್ಮ ಹುಡುಗನ ಸುದ್ದಿಯನ್ನು ಹೇಳಿ ಮುಗಿಸುತ್ತೇವೆ. ಅವನು ಈಗ ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಜೆ ಮನೆಗೆ ಬಂದು, ಒಂದು ಕೃಷಿ ಕೈಪಿಡಿಯನ್ನು ಮರಾಠಿಯಿಂದ ಕನ್ನಡಕ್ಕೆ ತರುತ್ತಿದ್ದಾನೆ. ಅರವತ್ತು ಪುಟ, ದರ ಗೊತ್ತುಮಾಡಿ, ಕಾಗದದ ಮೇಲೆ ಬರೆಸಿಕೊಂಡು ಒಪ್ಪಿಕೊಂಡ ಮೊದಲ ಕೆಲಸ. ಅದರಿಂದ ಅವನ ಸಾಲವೆಲ್ಲ ತೀರುವುದಿಲ್ಲ. ಆದರೆ ಮುಂಗಡವಾಗಿ ಬಂದ ಎರಡು ಸಾವಿರವನ್ನು ಒಯ್ದು ಗೆಳೆಯನ ಕೈಗಿಟ್ಟನಂತೆ. ಗೆಳೆಯ ಮಾತಾಡಲಿಲ್ಲ, ಹಣವನ್ನು ಮಾತ್ರ ತೆಗೆದುಕೊಂಡ. ಇನ್ನೂ ಕೊಡಬೇಕಾದದ್ದು ಬಾಕಿಯಿದೆ. ಅವನು ತನ್ನ ಬಾಕಿಯನ್ನು ತೀರಿಸಲು ಹೊರಟಿದ್ದಾನೆ. ಬರೆದವರಿಗೆ ನಾವು ಉಳಿಸಿಕೊಂಡಿರುವ ಬಾಕಿಯನ್ನು ಎಂದು ತೀರಿಸುತ್ತೇವೆ ಎಂಬುದನ್ನು ಈ ಸಭೆ ನಿರ್ಧರಿಸಲಿ.